ರಸ್ತೆ ತಿಂದ ಉಪ್ಪು

ರಸ್ತೆಗೆ ಉಪ್ಪು ಸುರಿಯುತ್ತಾರೆ ಎಂದರೆ ನಮ್ಮವರಿಗೆ ನಗು ಬಂದೀತು. ಆದರೆ ಹಿಮ ಬೀಳುವ ಅಮೆರಿಕ, ಕೆನಡಾದ ನಗರಗಳಲ್ಲಿ ಚಳಿಗಾಲ ಬಂತೆಂದರೆ ಲಾರಿಗಟ್ಟಲೆ ಕಲ್ಲುಪ್ಪು ಬೀದಿಗೆ ಬೀಳುತ್ತದೆ. ಶುದ್ಧ ನೀರು ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟಿದರೆ, ಉಪ್ಪು ನೀರು ಹೆಪ್ಪುಗಟ್ಟಲು ಇನ್ನಷ್ಟು ಚಳಿ ಬೇಕು. ಹೀಗಾಗಿ ಉಪ್ಪು ಬಿದ್ದಲ್ಲಿ ಮಂಜುಗಡ್ಡೆ ಕರಗಿ, ವಾಹನಗಳು ಜಾರುವುದು ತಪ್ಪುತ್ತದೆ.

ಈ ಪದ್ಧತಿ ಬಹಳ ಹಳೆಯದೇನಲ್ಲ. ಕುದುರೆಗಳು ಜಾರುಬಂಡಿ ಎಳೆಯುತ್ತಿದ್ದ ಕಾಲದಲ್ಲಿ ರಸ್ತೆಯ ಮೇಲೆ ಹಿಮ ಇರಬೇಕಿತ್ತು. ಅದನ್ನು ಉರುಳೆಗಳಿಂದ ಒತ್ತಿ ಗಟ್ಟಿ ಮಾಡುತ್ತಿದ್ದರು. ಮೋಟಾರು ಬಂದ ಮೇಲೆ ಅದೇ ಹಿಮ ಶತ್ರುವಾಯಿತು. ನ್ಯೂ ಹ್ಯಾಂಪ್‌ಷೈರ್ ರಾಜ್ಯ 1938ರಲ್ಲಿ ಪ್ರಯೋಗಾರ್ಥವಾಗಿ ರಸ್ತೆಗೆ ಉಪ್ಪು ಹಾಕಿತು. 1941-42ರ ಚಳಿಗಾಲದಲ್ಲಿ ಅಮೆರಿಕದ ಹೆದ್ದಾರಿಗಳಿಗೆ ಬಿದ್ದ ಉಪ್ಪು ಸುಮಾರು 5,000 ಟನ್. ಮಹಾಯುದ್ಧದ ನಂತರ ಹೆದ್ದಾರಿಗಳು ಹೆಚ್ಚಿದವು, ಉಪ್ಪೂ ಹೆಚ್ಚಿತು. ಈಗ ಅಲ್ಲಿನ ರಸ್ತೆಗಳಿಗೆ ವರ್ಷಕ್ಕೆ ಸುಮಾರು 2 ಕೋಟಿ ಟನ್ ಬೇಕು.

ಮಂಜುಗಡ್ಡೆ ಕರಗಿದ ಮೇಲೆ ಈ ಉಪ್ಪು ಎಲ್ಲಿ ಹೋಗುತ್ತದೆ? ಚರಂಡಿಯ ಮೂಲಕ ಹಳ್ಳಕ್ಕೆ, ಹೊಳೆಗೆ, ಸರೋವರಕ್ಕೆ. ಉಳಿದದ್ದು ಮಣ್ಣಿಗೆ, ಅಂತರ್ಜಲಕ್ಕೆ. ಉಪ್ಪಿನಲ್ಲಿರುವ ಕ್ಲೋರೈಡ್ ಕೊಳೆತು ನಾಶವಾಗುವ ವಸ್ತುವಲ್ಲ. ಜಲಚರಗಳು ದೀರ್ಘಕಾಲ ತಾಳಿಕೊಳ್ಳಲು ಲೀಟರಿಗೆ 230 ಮಿಲಿಗ್ರಾಂ ಕ್ಲೋರೈಡ್ ಮಿತಿಯೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1988ರಲ್ಲಿ ಗೊತ್ತುಪಡಿಸಿತು. ಒಂದು ಬಕೆಟ್ ನೀರನ್ನು ಈ ಮಿತಿಗೆ ಮುಟ್ಟಿಸಲು ಒಂದು ಸಣ್ಣ ಚಮಚ ಉಪ್ಪು ಸಾಕು.

ಇದರ ಪರಿಣಾಮವನ್ನು ಜಗತ್ತಿಗೆ ಮೊದಮೊದಲು ತೋರಿಸಿದ್ದು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದ ಬಳಿಯ ಇರಾಂಡಿಕ್ವಾಯಿಟ್ ಕೊಲ್ಲಿ. ಒಂಟಾರಿಯೊ ಸರೋವರಕ್ಕೆ ಸೇರಿದ ಈ ಕೊಲ್ಲಿಯಲ್ಲಿ ಎರಡು ದಶಕಗಳೊಳಗೆ ಕ್ಲೋರೈಡ್ ಕನಿಷ್ಠ ಐದು ಪಟ್ಟು ಹೆಚ್ಚಿದೆ ಎಂದು 1971ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಅದಕ್ಕಿಂತ ಕಳವಳಕಾರಿಯಾದ ಸಂಗತಿ ನೀರಿನ ತಳದಲ್ಲಿತ್ತು. ಸಾಮಾನ್ಯವಾಗಿ ವಸಂತದಲ್ಲಿ ಮೇಲಿನ ಮತ್ತು ಕೆಳಗಿನ ನೀರಿನ ಉಷ್ಣತೆ ಸಮನಾದಾಗ, ಗಾಳಿಯ ಹೊಡೆತಕ್ಕೆ ಎರಡೂ ಬೆರೆತು ತಳಕ್ಕೆ ಆಮ್ಲಜನಕ ಇಳಿಯುತ್ತದೆ. ಒಂದು ರೀತಿಯಲ್ಲಿ ಅದು ಸರೋವರದ ಉಸಿರಾಟ. ಆದರೆ ಉಪ್ಪುನೀರು ಭಾರ. 1969-70ರ ಚಳಿಗಾಲದಲ್ಲಿ ತಳ ಸೇರಿದ ಉಪ್ಪುನೀರು ಮೇಲೇಳಲೇ ಇಲ್ಲ. ಆ ವಸಂತದಲ್ಲಿ ಕೊಲ್ಲಿಯ ನೀರು ಪೂರ್ತಿ ಬೆರೆಯಲಿಲ್ಲ. 1939ರ ಸ್ಥಿತಿಗೆ ಹೋಲಿಸಿದರೆ, ಬೇಸಿಗೆಯಲ್ಲಿ ನೀರು ಪದರಗಳಾಗಿ ನಿಲ್ಲುವ ಅವಧಿ ಒಂದು ತಿಂಗಳು ಹೆಚ್ಚಾಗಿತ್ತು. ಮೀನುಗಳಿಗೆ ಅದು ಉಸಿರುಗಟ್ಟುವ ತಿಂಗಳು.

ಕಥೆ ಅಲ್ಲಿಗೇ ಮುಗಿಯಲಿಲ್ಲ ಎಂಬುದು ಸಮಾಧಾನ. 1974ರಿಂದ ಆ ಪ್ರದೇಶದಲ್ಲಿ ಉಪ್ಪಿನ ಬಳಕೆಯನ್ನು ತಗ್ಗಿಸಲಾಯಿತು. ಮುಂದಿನ ಹತ್ತು ವರ್ಷಗಳಲ್ಲಿ ಕ್ಲೋರೈಡ್ ಇಳಿಯಿತು, ನೀರು ಬೆರೆಯುವ ಕ್ರಮವೂ ಸುಧಾರಿಸಿತು.

ಹಾಗೆಂದು ಉಪ್ಪನ್ನು ಪೂರ್ತಿ ಬಿಡಲಾಗದು; ಜಾರುವ ರಸ್ತೆ ಜನರ ಪ್ರಾಣ ತೆಗೆಯುತ್ತದೆ. ಪ್ರಶ್ನೆ ಪ್ರಮಾಣದ್ದು. ಹಿಮ ಬೀಳುವ ಮೊದಲೇ ಉಪ್ಪುನೀರು ಸಿಂಪಡಿಸಿದರೆ ಕಡಿಮೆ ಉಪ್ಪು ಸಾಕೆಂದು ಹಲವು ನಗರಗಳು ಕಂಡುಕೊಂಡಿವೆ. ಆದರೆ ಅಂತರ್ಜಲ ಸೇರಿದ ಹಳೆಯ ಉಪ್ಪು ಬೇಸಿಗೆಯಲ್ಲೂ ಹೊಳೆಗೆ ಒಸರುತ್ತಲೇ ಇರುತ್ತದೆ.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬುದು ನಮ್ಮ ಗಾದೆ. ಇಲ್ಲಿ ಉಪ್ಪು ತಿಂದದ್ದು ರಸ್ತೆ. ಆ ನೀರು ಕುಡಿಯುತ್ತಿರುವುದು ಮಾತ್ರ ಮೀನುಗಳು, ಕೆಲವೆಡೆ ಬಾವಿ ನಂಬಿದ ಮನುಷ್ಯರು.