ಧ್ವನಿಮುದ್ರಿತ ಗೀತೆಯ ಅನಧಿಕೃತ ಪ್ರತಿ: ಕ್ಯಾಸೆಟ್ಟಿನಿಂದ ಎಂಪಿ-ತ್ರೀವರೆಗೆ

1

ಹತ್ತನೆಯ ಶತಮಾನದ ಕೊನೆಯಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಯ ಮೇಲೆ ಬರೆಯಿಸಿ ಹಂಚಿದಳೆಂಬ ಸಂಗತಿ ಕನ್ನಡ ಸಾಹಿತ್ಯ ಚರಿತ್ರೆಯನ್ನು ಓದಿದವರಿಗೆಲ್ಲ ಪರಿಚಿತವಾದುದು. ಶಾಸ್ತ್ರದಾನದ ಅತ್ಯುನ್ನತ ನಿದರ್ಶನವೆಂದು ಪರಂಪರೆ ಅದನ್ನು ಕೊಂಡಾಡಿದೆ. ಅದೇ ನಾಡಿನಲ್ಲಿ ಸಾವಿರ ವರ್ಷಗಳ ತರುವಾಯ ಪ್ರತಿ ಮಾಡುವವನ ಸ್ಥಾನ ಏನಾಯಿತೆಂಬುದನ್ನು ತಿಳಿಯಲು ಕರ್ನಾಟಕದಲ್ಲಿ ಗೂಂಡಾ ಕಾಯಿದೆಯೆಂದು ರೂಢಿಯಲ್ಲಿರುವ 1985ರ ಕಾಯಿದೆಯ ಈಗಿನ ಶೀರ್ಷಿಕೆಯನ್ನು ನೋಡಿದರೆ ಸಾಕು. ಅಲ್ಲಿ ಕಳ್ಳಬಟ್ಟಿಯವರು, ಜೂಜುಕೋರರು, ಗೂಂಡಾಗಳು ಇವರ ಸಾಲಿನಲ್ಲಿಯೇ ವಿಡಿಯೊ ಹಾಗೂ ಆಡಿಯೊ ಪೈರೇಟುಗಳನ್ನೂ ಸೇರಿಸಲಾಗಿದೆ. ಇಂಥವರನ್ನು ವಿಚಾರಣೆಯಿಲ್ಲದೆ ಒಂದು ವರ್ಷದವರೆಗೆ ಬಂಧನದಲ್ಲಿಡಲು ಆ ಕಾಯಿದೆ ಅವಕಾಶವೀಯುತ್ತದೆ.

ಪುಣ್ಯವಾಗಿದ್ದ ಕಾರ್ಯವೊಂದು ಅಪರಾಧವಾದ ಈ ಸ್ಥಿತ್ಯಂತರವನ್ನು ಕೇವಲ ನೀತಿಯ ನೆಲೆಯಲ್ಲಿ ವಿವರಿಸಲು ಬರುವುದಿಲ್ಲ. ಅತ್ತಿಮಬ್ಬೆಯ ಕಾಲದಲ್ಲಿ ಕವಿಯ ಯೋಗಕ್ಷೇಮ ಪ್ರತಿಗಳ ಸಂಖ್ಯೆಯನ್ನು ಅವಲಂಬಿಸಿರಲಿಲ್ಲ. ಆಶ್ರಯದಾತನು ಕೃತಿರಚನೆಗೇ ಸನ್ಮಾನ ಮಾಡುತ್ತಿದ್ದನು; ಆನಂತರ ಹುಟ್ಟುವ ಪ್ರತಿಯೊಂದು ಓಲೆಕಟ್ಟೂ ಕವಿಯ ಕೀರ್ತಿಯನ್ನು ಹೆಚ್ಚಿಸುತ್ತಿತ್ತಲ್ಲದೆ ಅವನ ಗಳಿಕೆಯನ್ನು ಕುಗ್ಗಿಸುತ್ತಿರಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಆಶ್ರಯದಾತನ ಸ್ಥಾನವನ್ನು ಮಾರುಕಟ್ಟೆ ಆಕ್ರಮಿಸಿತು. ಪ್ರತಿಯ ಬೆಲೆಯಲ್ಲಿಯೇ ಕೃತಿಕಾರನ ಪಾಲು ಅಡಗಿತು. ಆದುದರಿಂದ ಬೆಲೆ ಸಲ್ಲಿಸದ ಪ್ರತಿ ಕಳವಿನ ಪ್ರತಿಯಾಯಿತು. ಈ ಹಿನ್ನೆಲೆಯಲ್ಲಿ ಧ್ವನಿಮುದ್ರಿತ ಸಂಗೀತದ ಅನಧಿಕೃತ ಪ್ರತೀಕರಣದ ಚರಿತ್ರೆಯನ್ನು ಸಂಕ್ಷೇಪವಾಗಿ ನಿರೂಪಿಸಿ, ಅದರಿಂದ ಯಾರಿಗೆ ಯಾವ ಬಗೆಯ ನಷ್ಟವಾಯಿತೆಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಭಾರತದಲ್ಲಿ ವಾಣಿಜ್ಯ ಉದ್ದೇಶದ ಧ್ವನಿಮುದ್ರಣಕ್ಕೆ 1902ರಲ್ಲಿ ಕಲಕತ್ತೆಯಲ್ಲಿ ನಡೆದ ಗ್ರಾಮೊಫೋನ್ ಕಂಪನಿಯ ಮುದ್ರಣಗಳು ನಾಂದಿ ಹಾಡಿದವು. ಅಲ್ಲಿಂದ ಮುಂದೆ ಸುಮಾರು ಮುಕ್ಕಾಲು ಶತಮಾನ ಈ ಕ್ಷೇತ್ರದ ಮೇಲೆ ಆ ಕಂಪನಿಯದೇ ಬಹುಮಟ್ಟಿನ ಹಿಡಿತವಿತ್ತು. ಗ್ರಾಮೊಫೋನ್ ತಟ್ಟೆಯನ್ನು ಅಚ್ಚು ಹಾಕಲು ಕಾರ್ಖಾನೆ ಬೇಕು. ಮನೆಯಲ್ಲಿ ಕುಳಿತು ಅದರ ಪ್ರತಿ ತೆಗೆಯುವುದು ಸಾಧ್ಯವಿಲ್ಲ. ಹೀಗಾಗಿ ತಟ್ಟೆಯ ಕಾಲದಲ್ಲಿ ತಂತ್ರಜ್ಞಾನವೇ ಹಕ್ಕುಸ್ವಾಮ್ಯದ ಕಾವಲುಗಾರನಾಗಿತ್ತು.

ಫಿಲಿಪ್ಸ್ ಸಂಸ್ಥೆ 1963ರಲ್ಲಿ ಹೊರತಂದ ಕ್ಯಾಸೆಟ್ಟು ಈ ಕಾವಲನ್ನು ತೆಗೆದುಹಾಕಿತು. ಹಾಡನ್ನು ಕೇಳಿಸುವ ಯಂತ್ರವೇ ಹಾಡನ್ನು ನಕಲು ಮಾಡುವ ಯಂತ್ರವೂ ಆಯಿತು. 1970ರ ದಶಕದ ಉತ್ತರಾರ್ಧದಲ್ಲಿ ಕೊಲ್ಲಿ ರಾಷ್ಟ್ರಗಳಿಂದ ಮರಳಿದವರ ಮೂಲಕ ಟೂ-ಇನ್-ವನ್‌ಗಳು ನಮ್ಮ ಕರಾವಳಿಯ ಮನೆಗಳನ್ನೂ ಪ್ರವೇಶಿಸಿದವು. ಖಾಲಿ ಸುರುಳಿಯನ್ನು ಕೊಟ್ಟು ಬೇಕಾದ ಹಾಡುಗಳ ಪಟ್ಟಿಯನ್ನು ಬರೆದುಕೊಟ್ಟರೆ ತುಂಬಿಸಿಕೊಡುವ ಅಂಗಡಿಗಳು ಪಟ್ಟಣಗಳಲ್ಲಿ ಹುಟ್ಟಿಕೊಂಡವು. ಉತ್ತರ ಭಾರತದ ಈ ವಿದ್ಯಮಾನವನ್ನು ಪೀಟರ್ ಮ್ಯಾನುಯೆಲ್ ಅವರು 1993ರಲ್ಲಿ ಪ್ರಕಟವಾದ ‘ಕ್ಯಾಸೆಟ್ ಕಲ್ಚರ್’ ಎಂಬ ಗ್ರಂಥದಲ್ಲಿ ವಿಸ್ತಾರವಾಗಿ ಅಧ್ಯಯನ ಮಾಡಿದ್ದಾರೆ. ಕ್ಯಾಸೆಟ್ಟು ಒಂದೆಡೆ ಅನಧಿಕೃತ ಪ್ರತಿಗಳ ಪ್ರವಾಹವನ್ನು ತೆರೆಯಿತು. ಇನ್ನೊಂದೆಡೆ ಏಕಸ್ವಾಮ್ಯವನ್ನು ಮುರಿದು ಪ್ರಾದೇಶಿಕ ಭಾಷೆಗಳ ಸಂಗೀತಕ್ಕೆ ಮಾರುಕಟ್ಟೆಯನ್ನು ಸೃಷ್ಟಿಸಿತು. ಅವರ ಅಧ್ಯಯನದಿಂದ ವ್ಯಕ್ತವಾಗುವ ಈ ಎರಡೂ ಮುಖಗಳನ್ನು ಬೇರ್ಪಡಿಸಿ ನೋಡುವುದು ಸಾಧುವಲ್ಲ.

ಕನ್ನಡದ ಮಟ್ಟಿಗೆ ಎರಡನೆಯ ಮುಖ ಹೆಚ್ಚು ಮಹತ್ವದ್ದು. 1978ರಲ್ಲಿ ಹೊರಬಂದ, ಕೆ. ಎಸ್. ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’ ಧ್ವನಿಸುರುಳಿಯಿಂದ ಮೊದಲುಗೊಂಡು ಭಾವಗೀತೆ ಎಂಬ ಪ್ರಕಾರವೇ ಕ್ಯಾಸೆಟ್ಟಿನ ಆಶ್ರಯದಲ್ಲಿ ಮನೆಮಾತಾಯಿತು. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಮೊದಲಾದವರ ರಾಗಸಂಯೋಜನೆಗಳು ಪುಸ್ತಕವನ್ನೇ ಕೊಳ್ಳದವರಿಗೂ ಕವಿತೆಯನ್ನು ತಲಪಿಸಿದವು. 1987ರ ‘ಪ್ರೇಮಲೋಕ’ ಚಿತ್ರದ ಗೀತೆಗಳ ಕ್ಯಾಸೆಟ್ಟಿಗೆ ದೊರೆತ ಮಾರಾಟವು ಬೆಂಗಳೂರಿನ ಲಹರಿ ಸಂಸ್ಥೆಯನ್ನು ನೆಲೆಯೂರಿಸಿತು. ತಟ್ಟೆಯ ಯುಗ ಮುಂದುವರಿದಿದ್ದರೆ ಇಷ್ಟು ವಿಸ್ತಾರವಾದ ಕನ್ನಡ ಧ್ವನಿಮುದ್ರಣ ಉದ್ಯಮ ರೂಪುಗೊಳ್ಳುತ್ತಿತ್ತೆಂದು ನಂಬುವುದು ಕಷ್ಟ.

ಕಾನೂನು ಈ ಬದಲಾವಣೆಯನ್ನು ಹಿಂಬಾಲಿಸಿತು. ಸಿಂಗಪುರದಿಂದ ಕಲಕತ್ತೆಯ ಬಂದರಿನ ಮೂಲಕ ನೇಪಾಳಕ್ಕೆ ಸಾಗುತ್ತಿದ್ದ ಕ್ಯಾಸೆಟ್ಟುಗಳು ಖೊಟ್ಟಿ ಪ್ರತಿಗಳೆಂದು ಗ್ರಾಮೊಫೋನ್ ಕಂಪನಿ ದೂರಿತ್ತು. ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರು 1984ರ ಫೆಬ್ರವರಿಯಲ್ಲಿ ಬರೆದ ಸರ್ವೋಚ್ಚ ನ್ಯಾಯಾಲಯದ ತೀರ್ಪು, ಬೇರೆ ದೇಶಕ್ಕೆ ಸಾಗಿಸುವುದಕ್ಕಾಗಿ ಭಾರತದೊಳಗೆ ತಂದರೂ ಅದು ‘ಆಮದು’ ಎಂದೇ ಎಣಿಸತಕ್ಕುದೆಂದು ಸಾರಿತು. ಅದೇ ವರ್ಷ ಕೃತಿಸ್ವಾಮ್ಯ ಕಾಯಿದೆ ತಿದ್ದುಪಡಿಯಾಗಿ, ಉಲ್ಲಂಘನೆಗೆ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆವಾಸವೂ 50,000 ರೂಪಾಯಿಗಳಿಂದ ಎರಡು ಲಕ್ಷದವರೆಗೆ ದಂಡವೂ ನಿಗದಿಯಾದವು. ಜೊತೆಗೆ ಸೇರಿದ 52ಎ ಕಲಮು ಧ್ವನಿಮುದ್ರಿಕೆಯ ಮೇಲೆ ಮೂರು ವಿವರಗಳಿರಬೇಕೆಂದು ವಿಧಿಸಿತು: ತಯಾರಿಸಿದವರ ಹೆಸರು ಮತ್ತು ವಿಳಾಸ, ಹಕ್ಕುದಾರರ ಹೆಸರು ಮತ್ತು ವಿಳಾಸ, ಮೊದಲ ಪ್ರಕಟಣೆಯ ವರ್ಷ. ಗೀತೆಯನ್ನು ಬರೆದ ಕವಿಯ ಹೆಸರು ಈ ಪಟ್ಟಿಯಲ್ಲಿಲ್ಲವೆಂಬುದನ್ನು ಓದುಗರು ಗಮನಿಸಬೇಕು. ಈ ಅಂಶಕ್ಕೆ ಮುಂದೆ ಮರಳಲಿದ್ದೇನೆ.

3

ಕ್ಯಾಸೆಟ್ಟಿನ ನಕಲಿಗೆ ಒಂದು ಸ್ವಾಭಾವಿಕ ಮಿತಿಯಿತ್ತು. ನಕಲಿನ ನಕಲು ಮಾಡುತ್ತ ಹೋದಂತೆ ಧ್ವನಿ ಮಸುಕಾಗುತ್ತಿತ್ತು; ಸುರುಳಿಯ ಹಿಸ್ಸೆಂಬ ಸದ್ದು ಹಾಡನ್ನು ನುಂಗುತ್ತಿತ್ತು. 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಧ್ವನಿ ಅಂಕಿಗಳ ರೂಪ ತಾಳಿದ್ದರಿಂದ ನೂರನೆಯ ಪ್ರತಿಯೂ ಮೊದಲನೆಯದರಷ್ಟೇ ಶುದ್ಧವಾಗಿರುವುದು ಸಾಧ್ಯವಾಯಿತು. ಆದರೆ ಅಂಕಿಗಳ ಗಾತ್ರ ಅಪಾರವಾಗಿತ್ತು. ಜರ್ಮನಿಯ ಎರ್ಲಾಂಗೆನ್ನಿನ ಫ್ರೌನ್‌ಹೋಫರ್ ಸಂಸ್ಥೆಯ ಸಂಶೋಧಕರು ಪ್ರಧಾನ ಪಾತ್ರ ವಹಿಸಿ ರೂಪಿಸಿದ ಸಂಕೋಚನ ಕ್ರಮ ಈ ತೊಡಕನ್ನು ನಿವಾರಿಸಿತು. ಬಲವಾದ ಧ್ವನಿಯ ಮರೆಯಲ್ಲಿ ಕಿವಿಗೆ ಕೇಳಿಸದೆ ಉಳಿಯುವ ಅಂಶಗಳನ್ನು ಕೈಬಿಡುವುದೇ ಅದರ ತತ್ತ್ವ. ಡಿಸ್ಕಿನಲ್ಲಿ ಸೆಕೆಂಡಿಗೆ ಸುಮಾರು 1,411 ಕಿಲೊಬಿಟ್‌ಗಳನ್ನು ಬೇಡುವ ಸಂಗೀತ 128 ಕಿಲೊಬಿಟ್‌ಗಳಿಗೆ, ಅಂದರೆ ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿಯಿತು. 1995ರ ಜುಲೈಯಲ್ಲಿ ಈ ಕಡತಗಳಿಗೆ ‘ಎಂಪಿ-ತ್ರೀ’ ಎಂಬ ಹೆಸರು ನಿಶ್ಚಯವಾಯಿತು.

1999ರ ಜೂನಿನಲ್ಲಿ ಅಮೆರಿಕದಲ್ಲಿ ಶಾನ್ ಫ್ಯಾನಿಂಗ್ ಎಂಬ ಯುವಕನು ಆರಂಭಿಸಿದ ನ್ಯಾಪ್‌ಸ್ಟರ್ ಈ ಕಡತಗಳ ಪರಸ್ಪರ ವಿನಿಮಯಕ್ಕೆ ದಾರಿ ಮಾಡಿತು. ಹಾಡುಗಳು ಬಳಕೆದಾರರ ಗಣಕಗಳಲ್ಲಿಯೇ ಇರುತ್ತಿದ್ದವು. ಯಾವ ಹಾಡು ಯಾರಲ್ಲಿದೆ ಎಂಬ ಸೂಚಿ ಮಾತ್ರ ನ್ಯಾಪ್‌ಸ್ಟರಿನ ಬಳಿ ಇತ್ತು. ಆ ಸೂಚಿಯೇ ಅದರ ಕೊರಳಿಗೆ ಉರುಳಾಯಿತು. ಧ್ವನಿಮುದ್ರಣ ಕಂಪನಿಗಳು ಅದೇ ಡಿಸೆಂಬರಿನಲ್ಲಿ ಹೂಡಿದ ದಾವೆಯಲ್ಲಿ 2001ರ ಫೆಬ್ರವರಿಯ ಮೇಲ್ಮನವಿ ತೀರ್ಪು ನ್ಯಾಪ್‌ಸ್ಟರಿಗೆ ಪ್ರತಿಕೂಲವಾಗಿ ಬಂದು, ಜುಲೈಯಲ್ಲಿ ಅದು ಸ್ಥಗಿತಗೊಂಡಿತು. ಕೇಂದ್ರ ಸೂಚಿಯಿಲ್ಲದ ಇತರ ಜಾಲಗಳು ಕೂಡಲೇ ಆ ಸ್ಥಾನವನ್ನು ತುಂಬಿದವು.

ಪರಿಣಾಮದ ಬಗೆಗೆ ಅಂಕಿಗಳು ಸ್ಪಷ್ಟವಾಗಿವೆ, ವ್ಯಾಖ್ಯಾನ ವಿವಾದಾಸ್ಪದವಾಗಿದೆ. ಅಮೆರಿಕದ ಧ್ವನಿಮುದ್ರಣ ಉದ್ಯಮದ ವಾರ್ಷಿಕ ವಹಿವಾಟು 1999ರಲ್ಲಿ ಸುಮಾರು 14.6 ಶತಕೋಟಿ ಡಾಲರಿನಷ್ಟಿದ್ದುದು 2014ರ ವೇಳೆಗೆ 6.7 ಶತಕೋಟಿಯ ಆಸುಪಾಸಿಗೆ ಕುಸಿಯಿತು. ಕುಸಿತಕ್ಕೆಲ್ಲ ಅನಧಿಕೃತ ಇಳಿಕೆಯೇ ಕಾರಣವೆಂದು ಉದ್ಯಮ ವಾದಿಸಿತು. ಒಬರ್‌ಹೋಲ್ಟ್ಸರ್-ಜೀ ಮತ್ತು ಸ್ಟ್ರಂಫ್ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಕಡತ ವಿನಿಮಯದಿಂದ ಮಾರಾಟದ ಮೇಲಾದ ಪರಿಣಾಮ ಶೂನ್ಯದಿಂದ ಬೇರ್ಪಡಿಸಲಾಗದಷ್ಟು ಅಲ್ಪವೆಂದು ವಾದಿಸಿತು. ಲೀಬೋವಿಟ್ಸ್ ಮೊದಲಾದ ಅರ್ಥಶಾಸ್ತ್ರಜ್ಞರು ಆ ನಿಲುವನ್ನು ಬಲವಾಗಿ ಪ್ರಶ್ನಿಸಿದರು. ಆ್ಯಪಲ್ ಸಂಸ್ಥೆ 2003ರ ಏಪ್ರಿಲಿನಿಂದ ಒಂದೊಂದೇ ಹಾಡನ್ನು 99 ಸೆಂಟಿಗೆ ಮಾರತೊಡಗಿದುದೂ ಇಡೀ ಆಲ್ಬಮ್ಮಿನ ಮಾರಾಟವನ್ನು ಸಡಿಲಗೊಳಿಸಿತೆಂಬುದನ್ನು ಮರೆಯುವಂತಿಲ್ಲ. ಇಳಿಸಿಕೊಂಡ ಪ್ರತಿಯೊಂದು ಹಾಡೂ ಕಳೆದುಹೋದ ಒಂದು ಮಾರಾಟವೆಂಬ ಲೆಕ್ಕ ಒಪ್ಪತಕ್ಕುದಲ್ಲ. ನಷ್ಟವೇ ಆಗಲಿಲ್ಲವೆಂಬುದೂ ಅಷ್ಟೇ ದುರ್ಬಲವಾದ ವಾದ.

4

ಭಾರತದಲ್ಲಿ ಇದೇ ಕಥೆ ಬೇರೊಂದು ಹಾದಿ ಹಿಡಿಯಿತು. ಇಲ್ಲಿ ಸಾರ್ವಜನಿಕರಿಗೆ ಅಂತರಜಾಲ ದೊರೆತುದು 1995ರ ಆಗಸ್ಟ್ 15ರಂದು. ಅದಾದ ಒಂದು ದಶಕದವರೆಗೂ ಮನೆಯಲ್ಲಿ ಸಂಪರ್ಕವುಳ್ಳವರು ವಿರಳ. ಆದುದರಿಂದ ಇಳಿಸಿಕೊಳ್ಳುವವನಿಗೂ ಕೇಳುವವನಿಗೂ ನಡುವೆ ಅಂಗಡಿಯೊಂದು ನಿಂತಿತು. ಐದು ನಿಮಿಷದ ಹಾಡಿಗೆ ಸುಮಾರು ಐದು ಮೆಗಾಬೈಟಿನಂತೆ ಒಂದೇ ಡಿಸ್ಕಿನಲ್ಲಿ ನೂರಮೂವತ್ತು ಹಾಡುಗಳು ಅಡಕವಾಗುತ್ತಿದ್ದವು; ಹತ್ತು-ಹನ್ನೆರಡು ಕ್ಯಾಸೆಟ್ಟುಗಳ ಸರಕು ಒಂದೇ ತಟ್ಟೆಯಲ್ಲಿ ಪಾದಚಾರಿ ಮಾರ್ಗದ ಮೇಲೆ ದೊರೆಯುತ್ತಿತ್ತು. ಆಮೇಲೆ ಮೊಬೈಲ್ ರೀಚಾರ್ಜ್ ಅಂಗಡಿಗಳು ಅಲ್ಪ ಹಣಕ್ಕೆ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಡತೊಡಗಿದವು. ಹಿಂದಿನ ಕ್ಯಾಸೆಟ್ ಅಂಗಡಿಯ ಕಸುಬೇ ಹೊಸ ಉಪಕರಣದಲ್ಲಿ ಮುಂದುವರಿಯಿತೆನ್ನಬಹುದು. ಈ ವ್ಯಾಪಾರದಲ್ಲಿ ಕೇಳುಗನು ಹಣ ತೆರುತ್ತಿದ್ದನೆಂಬುದು ಮುಖ್ಯ ಸಂಗತಿ. ನಮ್ಮಲ್ಲಿ ಹಾಡು ಪುಕ್ಕಟೆಯಾಗಿರಲಿಲ್ಲ. ಬೆಲೆ ಮಾತ್ರ ಸಲ್ಲಬೇಕಾದವರಿಗೆ ಸಲ್ಲುತ್ತಿರಲಿಲ್ಲ.

2012ರಲ್ಲಿ ಕಲಕತ್ತಾ ಉಚ್ಚ ನ್ಯಾಯಾಲಯದ ಆದೇಶದಂತೆ 104 ಅನಧಿಕೃತ ಸಂಗೀತ ತಾಣಗಳನ್ನು ಮುಚ್ಚಿಸಲು ಉದ್ಯಮ ಯತ್ನಿಸಿತು. ಆದರೆ ಅಂಗಡಿಯ ಮಧ್ಯಸ್ಥಿಕೆಯನ್ನು ಕೊನೆಗಾಣಿಸಿದುದು ಮುಖ್ಯವಾಗಿ 2016ರ ತರುವಾಯ ಅಗ್ಗವಾದ ಮೊಬೈಲ್ ಡೇಟಾ ಮತ್ತು ಅಧಿಕೃತ ಸ್ಟ್ರೀಮಿಂಗ್ ಸೇವೆಗಳು. ನ್ಯಾಯಾಲಯಕ್ಕಿಂತ ಸೌಲಭ್ಯವೇ ಹೆಚ್ಚು ಪರಿಣಾಮಕಾರಿಯಾಯಿತು.

ಹೊರನಾಡ ಕನ್ನಡಿಗರಿಗೆ ಈ ಚರಿತ್ರೆ ದೂರದ್ದಲ್ಲ. ಮುಂಬಯಿ, ದೆಹಲಿಗಳ ಅಂಗಡಿಗಳಲ್ಲಿ ಕನ್ನಡ ಭಾವಗೀತೆಯ ಕ್ಯಾಸೆಟ್ಟು ಸುಲಭವಾಗಿ ದೊರೆಯುತ್ತಿರಲಿಲ್ಲ. ಊರಿಗೆ ಹೋದವರು ತಂದ ಒಂದು ಸುರುಳಿಯಿಂದ ಹತ್ತು ಮನೆಗಳಿಗೆ ಪ್ರತಿಗಳು ಹಂಚಿಹೋಗುತ್ತಿದ್ದವು. 1990ರ ದಶಕದಲ್ಲಿ ಸಂಶೋಧನ ವಿದ್ಯಾರ್ಥಿಯಾಗಿ ನಾಡಿನಿಂದ ಹೊರಬಂದ ಈ ಲೇಖಕನೂ ಅಂಥ ಪ್ರತಿಗಳ ಫಲಾನುಭವಿ. ಅವುಗಳ ಹೊದಿಕೆಯ ಮೇಲೆ ನೀಲಿ ಶಾಯಿಯಲ್ಲಿ ‘ಕನ್ನಡ ಹಾಡುಗಳು’ ಎಂದಷ್ಟೇ ಬರೆದಿರುತ್ತಿತ್ತು. ಎಷ್ಟೋ ಕವಿತೆಗಳ ಕರ್ತೃ ಯಾರೆಂಬುದು ತಿಳಿದುದು ಅವು ಬಾಯಿಪಾಠವಾದ ಬಹುಕಾಲದ ಮೇಲೆ.

5

ಈ ಕೊನೆಯ ಸಂಗತಿಯೇ ನನ್ನ ದೃಷ್ಟಿಯಲ್ಲಿ ವಿಷಯದ ತಿರುಳು. ಓಲೆಯ ಪ್ರತಿಕಾರನು ಕಾವ್ಯವನ್ನು ಪೂರ್ಣವಾಗಿ ಬರೆದು, ಕೊನೆಯಲ್ಲಿ ತನ್ನ ಹೆಸರು ಹೇಳಿ, ತಪ್ಪುಗಳಿಗೆ ಕ್ಷಮೆ ಕೋರುವುದುಂಟು. ಕವಿಯ ಹೆಸರನ್ನು ಅವನು ಅಳಿಸುವುದಿಲ್ಲ. ವಚನ ಹಾಗೂ ಕೀರ್ತನೆಗಳಲ್ಲಿ ಅಂಕಿತವು ಪಠ್ಯದೊಳಗೇ ನೆಯ್ದುಕೊಂಡಿರುವುದರಿಂದ ಬಾಯಿಂದ ಬಾಯಿಗೆ ದಾಟಿದರೂ ಕರ್ತೃತ್ವದ ಗುರುತು ಬಹುಮಟ್ಟಿಗೆ ಉಳಿಯುತ್ತದೆ. ಆಧುನಿಕ ಭಾವಗೀತೆಗೆ ಅಂಕಿತವಿಲ್ಲ. ಕವಿಯ ಹೆಸರು ಕ್ಯಾಸೆಟ್ಟಿನ ಒಳಹಾಳೆಯ ಮೇಲೆ ಮಾತ್ರ ಇತ್ತು. ಪ್ರತಿಯಾಗುತ್ತಿದ್ದುದು ಸುರುಳಿಯೇ ಹೊರತು ಹಾಳೆಯಲ್ಲ.

ಎಂಪಿ-ತ್ರೀ ಕಡತ ಈ ಲೋಪವನ್ನು ಮತ್ತಷ್ಟು ಗಾಢಗೊಳಿಸಿತು. 1996ರಲ್ಲಿ ಬಳಕೆಗೆ ಬಂದ ಐಡಿ-ತ್ರೀ ಎಂಬ ಗುರುತುಪಟ್ಟಿಗೆ ಕಡತದ ತುದಿಯಲ್ಲಿ ದೊರೆತ ಜಾಗ ಕೇವಲ 128 ಬೈಟು. ಹಾಡಿನ ಹೆಸರು, ಕಲಾವಿದ, ಆಲ್ಬಮ್, ವರ್ಷ, ಟಿಪ್ಪಣಿ, ಪ್ರಕಾರ ಇವಿಷ್ಟಕ್ಕೇ ಅಲ್ಲಿ ಸ್ಥಳ. ಗೀತರಚನಕಾರನಿಗೆ ಮನೆಯೇ ಇಲ್ಲ. ತರುವಾಯದ ಆವೃತ್ತಿ ಅವನಿಗೊಂದು ಸ್ಥಾನ ಕಲ್ಪಿಸಿತಾದರೂ ಅದನ್ನು ತುಂಬುವವರು ವಿರಳ. ಅನಧಿಕೃತ ತಾಣಗಳು ಟಿಪ್ಪಣಿಯ ಜಾಗದಲ್ಲಿ, ಕೆಲವೊಮ್ಮೆ ಕಲಾವಿದನ ಜಾಗದಲ್ಲಿಯೂ, ತಮ್ಮ ವಿಳಾಸವನ್ನೇ ಬರೆದವು. ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಇದನ್ನು ಪ್ರಕ್ಷಿಪ್ತ ಅಂಕಿತವೆನ್ನಬೇಕು.

ಹಣದ ಪ್ರಶ್ನೆಯೂ ಇಲ್ಲಿಗೇ ಬಂದು ಸೇರುತ್ತದೆ. ಚಿತ್ರಕ್ಕಾಗಿ ಬರೆಸಿದ ಗೀತೆಯ ಮೊದಲ ಹಕ್ಕುದಾರ, ವ್ಯತಿರಿಕ್ತ ಒಪ್ಪಂದವಿಲ್ಲದಿದ್ದಲ್ಲಿ, ನಿರ್ಮಾಪಕನೆಂದು ಸರ್ವೋಚ್ಚ ನ್ಯಾಯಾಲಯ 1977ರಲ್ಲಿ ತೀರ್ಮಾನಿಸಿತ್ತು. 2012ರ ತಿದ್ದುಪಡಿ ಗೀತರಚನಕಾರ ಮತ್ತು ಸಂಯೋಜಕರಿಗೆ ರಾಯಧನದ ಸಮಪಾಲನ್ನು ಖಚಿತಪಡಿಸಿತು. ಭಾವಗೀತೆಯ ಕವಿಯ ಸ್ಥಿತಿ ಭಿನ್ನ. ಅವನ ಕವಿತೆ ಮೊದಲೇ ಇದ್ದ ಸ್ವತಂತ್ರ ಕೃತಿ, ಬರೆದುಕೊಡದ ಹೊರತು ಹಕ್ಕು ಅವನದೇ. ಹಕ್ಕನ್ನು ಬಿಟ್ಟುಕೊಟ್ಟರೂ ಕರ್ತೃವೆನಿಸಿಕೊಳ್ಳುವ ಅಧಿಕಾರ 57ನೆಯ ಕಲಮಿನಂತೆ ಉಳಿಯುತ್ತದೆ. ಆದರೆ ಕಡತದಲ್ಲಿ ಹೆಸರೇ ಇಲ್ಲದವನಿಗೆ ಪಾಲು ತಲಪಿಸುವುದು ಹೇಗೆ? ಉದ್ಯಮದ ವಹಿವಾಟು ಸ್ಟ್ರೀಮಿಂಗಿನಿಂದ ಚೇತರಿಸಿಕೊಳ್ಳುತ್ತಿದೆ. ಅಳಿಸಿಹೋದ ಹೆಸರು ತಾನಾಗಿ ಮರಳುವುದಿಲ್ಲ.

ಇನ್ನೊಂದು ಮಾತನ್ನೂ ನ್ಯಾಯದೃಷ್ಟಿಯಿಂದ ಹೇಳಬೇಕು. ಕ್ಯಾಸೆಟ್ಟಿನ ಕಾಂತಲೇಪ ಚಿರಂತನವಲ್ಲ. ಮೂಲ ಮುದ್ರಣ ನಷ್ಟವಾದೆಡೆ ಯಾರೋ ಮಾಡಿಟ್ಟ ಅನಧಿಕೃತ ಪ್ರತಿಯೇ ಉಳಿದ ಏಕೈಕ ಸಾಕ್ಷಿಯಾಗಬಹುದು. ಅಶುದ್ಧ ಪ್ರತಿಯನ್ನೂ ಸಂಪಾದಕನು ಎಸೆಯುವುದಿಲ್ಲ. ಅದರ ದೋಷಗಳನ್ನು ಗುರುತಿಸಿ ಉಪಯೋಗಿಸಿಕೊಳ್ಳುತ್ತಾನೆ. ಈ ಪ್ರತಿಗಳ ವಿಷಯದಲ್ಲಿಯೂ ನಾವು ಅದೇ ಶಿಸ್ತನ್ನು ಪಾಲಿಸಬೇಕು.

ಹೊರನಾಡಿನ ಕನ್ನಡ ಸಂಘಗಳಲ್ಲಿ, ಹಿರಿಯರ ಮನೆಗಳಲ್ಲಿ 1978ರಿಂದೀಚಿನ ಮೂಲ ಕ್ಯಾಸೆಟ್ಟುಗಳು ತಮ್ಮ ಒಳಹಾಳೆಗಳೊಡನೆ ಇನ್ನೂ ಉಳಿದಿರುವ ಸಂಭವವಿದೆ. ಕವಿ, ಸಂಯೋಜಕ, ಗಾಯಕ, ವಾದ್ಯಗಾರರು, ಪ್ರಕಟಣೆಯ ವರ್ಷ, ಸಂಸ್ಥೆ ಇವನ್ನು ಆ ಹಾಳೆಗಳಿಂದ ಪಟ್ಟಿಮಾಡಿ ವರ್ಣನಾತ್ಮಕ ಸೂಚಿಯೊಂದನ್ನು ಸಿದ್ಧಪಡಿಸುವುದು ಹಸ್ತಪ್ರತಿ ಸೂಚಿಯಷ್ಟೇ ಅವಶ್ಯವಾದ ಕಾರ್ಯ. ಅದಕ್ಕೆ ಹಾಡನ್ನು ನಕಲು ಮಾಡಬೇಕಾಗಿಲ್ಲ, ಯಾರ ಅನುಮತಿಯೂ ಬೇಕಿಲ್ಲ. ನಾಡಿನ ಹೊರಗಿನ ಕನ್ನಡ ಪೀಠಗಳು ತಮ್ಮ ತಮ್ಮ ನಗರಗಳಲ್ಲಿ ಈ ಕೆಲಸವನ್ನು ಕೈಗೊಳ್ಳುವುದು ಉಚಿತ.