ಮುದ್ದುರೂಪವೂ ಪ್ರೇಕ್ಷಕವರ್ಗವೂ: ಒಂದು ಚಾರಿತ್ರಿಕ ವಿವೇಚನೆ

ದುಂಡು ಮೊಗ, ಅರಳುಗಣ್ಣು, ಮೋಟು ಕೈಕಾಲುಗಳುಳ್ಳ ಚಿತ್ರವೊಂದು ಕಣ್ಣಿಗೆ ಬಿದ್ದೊಡನೆ ಅದು ಮಕ್ಕಳಿಗಾಗಿಯೇ ಹುಟ್ಟಿದ್ದೆಂದು ಎಣಿಸುವುದು ಹಾರೋಹಳ್ಳಿಯ ಗೃಹಸ್ಥನಿಗೂ ದೆಹಲಿಯ ಅಧಿಕಾರಿಗೂ ಸಮಾನವಾದ ರೂಢಿ. ಆದರೆ ಜಪಾನಿನ ಆನಿಮೆಯೆಂಬ ಅನಿಮೇಷನ್ ಚಿತ್ರಗಳ ಚರಿತ್ರೆಯನ್ನು ಪರಿಶೀಲಿಸಿದರೆ, ಬಾಲಕ, ಬಾಲಿಕೆ, ತರುಣ, ವಯಸ್ಕ ಸ್ತ್ರೀ ಎಂಬ ಓದುಗರನ್ನು ಕ್ರಮವಾಗಿ ಉದ್ದೇಶಿಸಿದ ‘ಶೋನೆನ್’, ‘ಶೋಜೊ’, ‘ಸೈನೆನ್’, ‘ಜೊಸೈ’ ಎಂಬ ವರ್ಗನಾಮಗಳು ಚಿತ್ರದ ರೂಪದಿಂದಾಗಲಿ ಕಥಾವಸ್ತುವಿನಿಂದಾಗಲಿ ಹುಟ್ಟಿದವಲ್ಲವೆಂದೂ, ಮೂಲ ಚಿತ್ರಕಥೆಯು ಧಾರಾವಾಹಿಯಾಗಿ ಅಚ್ಚಾದ ಪತ್ರಿಕೆಯಿಂದ ಬಂದವೆಂದೂ ವಿದಿತವಾಗುತ್ತದೆ.

ಬಾಲಕರಿಗೊಂದು, ಬಾಲಿಕೆಯರಿಗೊಂದು ಪತ್ರಿಕೆಯೆಂಬ ವಿಭಾಗ ಆ ದೇಶದಲ್ಲಿ ಇಪ್ಪತ್ತನೆಯ ಶತಮಾನದ ಆರಂಭಕ್ಕೇ ನೆಲೆಗೊಂಡಿತ್ತು. ಅದರ ಸೂಕ್ಷ್ಮತೆ ಎಷ್ಟೆಂದರೆ, ಶೋಗಾಕುಕಾನ್ ಸಂಸ್ಥೆ ಶಾಲಾತರಗತಿಗೊಂದರಂತೆ ಹೊರಡಿಸುತ್ತಿದ್ದ ಪತ್ರಿಕೆಗಳಲ್ಲಿ 1970ರ ಜನವರಿ ಸಂಚಿಕೆಯಿಂದ ‘ಡೊರೆಮಾನ್’ ಆರಂಭವಾದಾಗ, ಫುಜಿಕೊ ಎಫ್. ಫುಜಿಯೊ ಅವರು ಆಯಾ ತರಗತಿಯ ವಯಸ್ಸಿಗೆ ತಕ್ಕ ಬೇರೆ ಬೇರೆ ಕಥೆಗಳನ್ನೇ ರಚಿಸಿದರು. ಇದಕ್ಕೆ ವಿಪರೀತವಾದ ನಿದರ್ಶನ 2002ರಲ್ಲಿ ಹೊರಟ ‘ಮಾಂಗಾ ಟೈಮ್ ಕಿರಾರ’: ಮುದ್ದು ಬಾಲಿಕೆಯರ ನಾಲ್ಕು ಚೌಕದ ಕಥೆಗಳಿಂದ ತುಂಬಿದ ಈ ಪತ್ರಿಕೆ ತರುಣ ಪುರುಷರ ವರ್ಗಕ್ಕೆ ಸೇರಿದುದು, ಇದರಿಂದಲೇ ಹೊಮ್ಮಿದ ‘ಕೆ-ಆನ್!’ 2009ರಲ್ಲಿ ಆನಿಮೆಯಾಗಿ, ಮಕ್ಕಳೆಲ್ಲ ಮಲಗಿದ ನಡುರಾತ್ರಿಯ ಅನಂತರ ಪ್ರಸಾರವಾಯಿತು.

ಪತ್ರಿಕೆಯ ಹೊದಿಕೆ ಕಳಚಿ ಚಿತ್ರವೊಂದೇ ಕಡಲು ದಾಟಿದಾಗ ಏನಾಗುವುದೆಂಬುದನ್ನು ನಮ್ಮ ದೇಶವೇ ಕಂಡಿದೆ. ಯೋಶಿತೊ ಉಸುಯಿ ಅವರ ‘ಕ್ರೇಯಾನ್ ಶಿನ್-ಚಾನ್’ 1990ರಲ್ಲಿ ಮೊದಲುಗೊಂಡದ್ದು ವಯಸ್ಕ ಪುರುಷರು ಓದುವ ‘ವೀಕ್ಲಿ ಮಾಂಗಾ ಆಕ್ಷನ್’ ಪತ್ರಿಕೆಯಲ್ಲಿ. ಕಥಾನಾಯಕ ಐದು ವರ್ಷದ ಪೋರನೆಂಬ ಒಂದೇ ಕಾರಣದಿಂದೆಂಬಂತೆ 2006ರಲ್ಲಿ ಅದರ ಆನಿಮೆ ಮಕ್ಕಳ ವಾಹಿನಿಯಾದ ಹಂಗಾಮಾದಲ್ಲಿ ಕಾಣಿಸಿಕೊಂಡಿತು. ಪಾಲಕರ ಆಕ್ಷೇಪ ಬೆಳೆದು 2008ರಲ್ಲಿ ಪ್ರಸಾರ ನಿಂತಿತು. ಬಳಿಕ ಕತ್ತರಿಗೊಳಗಾಗಿ ಮರಳಿತು. ಇಲ್ಲಿ ದೋಷವನ್ನು ಆ ಪೋರನ ಮೇಲೆ ಹೊರಿಸುವುದು ನನ್ನ ಮತದಲ್ಲಿ ಅನ್ಯಾಯ. ಅವನನ್ನು ಯಾರಿಗಾಗಿ ಬರೆದರೆಂದು ವಿಚಾರಿಸದೆ ಮಕ್ಕಳ ಮುಂದೆ ತಂದು ನಿಲ್ಲಿಸಿದವರದೇ ಆ ಹೊಣೆ.

ಯಾರಿಗಾಗಿ ಎಂಬ ಇದೇ ಪ್ರಶ್ನೆ ನಮ್ಮ ಸೀಮೆಯ ಚನ್ನಪಟ್ಟಣದ ಗೊಂಬೆಗಳ ವಿಷಯದಲ್ಲಿ ಶಾಸನರೂಪದಿಂದ ಎದುರಾಯಿತು. ಹಾಲೆಮರವನ್ನು ಕಡೆದು, ಬಣ್ಣದ ಅರಗನ್ನು ಹಚ್ಚಿ, ಗರಿಯಿಂದ ಉಜ್ಜಿ ಹೊಳಪೇರಿಸಿದ ಗಿಲಕಿ, ಬುಗುರಿ, ಗೊಂಬೆಗಳು ತೊಟ್ಟಿಲ ಕೂಸಿಗೆಷ್ಟೋ ಪ್ರಾಪ್ತವಯಸ್ಕರ ಗೃಹಾಲಂಕಾರಕ್ಕೂ ಅಷ್ಟೇ ಸಲ್ಲುತ್ತ ಬಂದಿವೆ. ಹೀಗಿರಲಾಗಿ, 2020ರಲ್ಲಿ ಹೊರಟು 2021ರ ಜನವರಿ 1ರಿಂದ ಜಾರಿಗೆ ಬಂದ ಆಟಿಕೆಗಳ ಗುಣಮಟ್ಟ ನಿಯಂತ್ರಣದ ಕೇಂದ್ರಾಜ್ಞೆ, ಹದಿನಾಲ್ಕು ವರ್ಷದೊಳಗಿನ ಮಕ್ಕಳು ಆಡಲೆಂದು ಮಾಡಿದುದೆಲ್ಲವನ್ನೂ, ಕೇವಲ ಅವರಿಗಾಗಿಯೇ ಅಲ್ಲದಿದ್ದರೂ, ಆಟಿಕೆಯೆಂದು ಪರಿಗಣಿಸಿ ಪರೀಕ್ಷಾಮುದ್ರೆಯನ್ನು ಕಡ್ಡಾಯಗೊಳಿಸಿತು. ಕೈಕಸುಬಿನವರಿಗೆ ಆ ಪರೀಕ್ಷೆಯ ವೆಚ್ಚ ದುರ್ಭರವಾಗುತ್ತಿತ್ತು. 2020ರ ಅಂತ್ಯದ ತಿದ್ದುಪಡಿಯಿಂದ ನೋಂದಾಯಿತ ಕರಕುಶಲಿಗಳ ಸರಕಿಗೂ, ಚನ್ನಪಟ್ಟಣದ ಗೊಂಬೆಯಂತೆ ಭೌಗೋಳಿಕ ಸೂಚಕವುಳ್ಳ ವಸ್ತುಗಳಿಗೂ ವಿನಾಯಿತಿ ದೊರೆಯಿತು. ಆದರೆ ಆ ವಿನಾಯಿತಿಗೆ ಆಧಾರವಾದುದು ಆಡುವವರ ವಯಸ್ಸಲ್ಲ, ಮಾಡುವವರ ಕಸುಬೂ ಊರೂ.