ಎರಡು ಕೋಣೆಯ ಸರಾಯ್

ನಮ್ಮ ಸೋದರಮಾವ ಹಿಂದಿ ಪ್ರಚಾರ ಸಭೆಯ ಪರೀಕ್ಷೆ ಪಾಸು ಮಾಡಿದವರು. 1978ರಲ್ಲಿ ಕಾಶಿ ಮುಗಿಸಿಕೊಂಡು ದೆಹಲಿಗೆ ಬಂದಾಗ, ಕಲಿತದ್ದು ಮರೆತಿಲ್ಲ ಎಂದು ತೋರಿಸಿಕೊಳ್ಳಲು ಡಿಟಿಸಿ ಬಸ್ಸುಗಳ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದರು. ಯೂಸುಫ್ ಸರಾಯ್, ಬೇರ್ ಸರಾಯ್, ಕಟ್ವಾರಿಯಾ ಸರಾಯ್, ಲಾಡೋ ಸರಾಯ್. ನಾಲ್ಕನೆಯದಕ್ಕೆ ಬಂದು ನಿಂತರು. "ಏನೋ ಇದು, ನಿಮ್ಮ ಡೆಲ್ಲೀಲಿ ಬೀದಿಬೀದಿಗೂ ಸಾರಾಯೀನಾ?"

ಸಾರಾಯಿ ಅಲ್ಲ ಮಾವ, ಸರಾಯ್ ಅಂದರೆ ನಮ್ಮ ಕಡೆಯ ಛತ್ರ ಇದ್ದ ಹಾಗೆ ಎಂದೆ. ಸಂಜೆ ಸೇವಾನಗರದ ನನ್ನ ಒಂದು ಕೋಣೆಯ ಕ್ವಾರ್ಟರ್ಸಿನಲ್ಲಿ ಸಾಲಾಗಿ ಹಾಸಿದ್ದ ಚಾಪೆಗಳನ್ನು ನೋಡಿ ಅವರೇ ಹೇಳಿದರು, "ಹಂಗಾದ್ರೆ ನೀನೂ ಒಂದು ಸರಾಯ್ ಇಟ್ಟಿದೀಯ ಅನ್ನು." ಎಲ್ಲರೂ ನಕ್ಕೆವು. ಒಳಗೆ ಸೌದೆಯಂತೆ ಬೆಂದ ರೊಟ್ಟಿ ಮಗುಚುತ್ತಿದ್ದ ನನ್ನ ಹೆಂಡತಿ ನಕ್ಕಳೋ ಇಲ್ಲವೋ ನಾನು ನೋಡಲಿಲ್ಲ. ಇದನ್ನು ಈಗ ಬರೆಯುವುದಕ್ಕೆ ಕಾರಣವಿದೆ. ಮಾವ ತಮಾಷೆಗೆ ಆಡಿದ ಮಾತು ಮೂವತ್ತೆರಡು ವರ್ಷದ ಮೇಲೆ ನಿಜವಾಯಿತು. ದುಡ್ಡು ತೆಗೆದುಕೊಂಡು ಕೋಣೆ ಕೊಡುವ ಮನೆಯ ಯಜಮಾನನಾದೆ. ಯಜಮಾನ ಎನ್ನುವುದೂ ಸುಳ್ಳೇ, ಅದನ್ನು ಮುಂದೆ ಹೇಳುತ್ತೇನೆ.

ದೆಹಲಿಯ ಚರಿತ್ರೆ ಎಂದರೆ ಕೋಟೆ, ಗೋರಿ, ಗದ್ದುಗೆಗಳ ಲೆಕ್ಕ ಎಂದೇ ನಾವು ತಿಳಿದಿದ್ದೇವೆ. ಬಂದುಹೋಗುವವರು ರಾತ್ರಿ ಎಲ್ಲಿ ಮಲಗಿದರು ಎಂಬುದೂ ಈ ಊರಿನ ಚರಿತ್ರೆಯೇ. 1540ರಿಂದ 1545ರವರೆಗೆ ಆಳಿದ ಶೇರ್ ಶಹಾ ತನ್ನ ಹೆದ್ದಾರಿಗಳ ಉದ್ದಕ್ಕೂ ಸರಾಯ್ ಕಟ್ಟಿಸಿ, ಹಿಂದೂಗಳಿಗೂ ಮುಸಲ್ಮಾನರಿಗೂ ಬೇರೆಬೇರೆ ಏರ್ಪಾಟು ಮಾಡಿಸಿದ್ದ. ನೂರು ವರ್ಷದ ಮೇಲೆ ಶಹಜಹಾನನ ಮಗಳು ಜಹಾನಾರಾ ಬೇಗಂ ಚಾಂದನಿ ಚೌಕದಲ್ಲಿ ಕಟ್ಟಿಸಿದ ಸರಾಯ್ ಎಂಥದ್ದಿತ್ತೆಂದರೆ, ಅದನ್ನು ಕಂಡ ಫ್ರೆಂಚ್ ವೈದ್ಯ ಬರ್ನಿಯರ್, ನಮ್ಮ ಪ್ಯಾರಿಸ್ಸಿನಲ್ಲೂ ಇಂಥವು ಇದ್ದಿದ್ದರೆ ಹೊಸದಾಗಿ ಬಂದವರಿಗೆ ಪರದಾಟ ತಪ್ಪುತ್ತಿತ್ತು ಎಂದು 1663ರ ತನ್ನ ಪತ್ರದಲ್ಲಿ ಹೊಟ್ಟೆಕಿಚ್ಚುಪಟ್ಟಿದ್ದಾನೆ. ಪರ್ಷಿಯಾದ, ಉಜ್ಬೆಕ್ ಸೀಮೆಯ ದೊಡ್ಡ ವರ್ತಕರು ಅಲ್ಲಿ ಇಳಿಯುತ್ತಿದ್ದರಂತೆ. ಕೊಡುತ್ತಿದ್ದುದು ಖಾಲಿ ಕೋಣೆ, ರಾತ್ರಿ ಹೆಬ್ಬಾಗಿಲು ಹಾಕಿದರೆ ಭಯವಿಲ್ಲ. ಖಾಲಿ ಕೋಣೆ, ಭದ್ರವಾದ ಬಾಗಿಲು: ಈ ವ್ಯಾಪಾರದ ಮೂಲ ಇಷ್ಟೇ ಎಂದು ನನಗೆ ಆಮೇಲೆ ಗೊತ್ತಾಯಿತು. 1857ರ ದಂಗೆಯ ನಂತರ ಇಂಗ್ಲಿಷರು ಆ ಸರಾಯನ್ನು ಕೆಡವಿದರು. ಆ ಜಾಗದಲ್ಲೇ ಈಗ ಟೌನ್ ಹಾಲ್ ನಿಂತಿರುವುದು.

ಉಳಿದದ್ದು ಹೆಸರುಗಳು. ಬೇರ್ ಸರಾಯ್, ಜಿಯಾ ಸರಾಯ್ ಮುಂತಾದವು ಐಐಟಿ, ಜೆಎನ್‌ಯು ಸುತ್ತಮುತ್ತ ಪರೀಕ್ಷೆಗೆ ಓದುವ ಹುಡುಗರ ಬಾಡಿಗೆ ಕೋಣೆಗಳ ಗೂಡಾದವು. ಯೂಸುಫ್ ಸರಾಯ್ ಪಕ್ಕದಲ್ಲಿ 1956ರಲ್ಲಿ ಏಮ್ಸ್ ಆಸ್ಪತ್ರೆ ಬಂತು. ಅಲ್ಲಿಗೆ ದೂರದೂರುಗಳಿಂದ ಬಂದ ರೋಗಿಗಳ ಕಡೆಯವರು, ಸರಾಯ್ ಎಂಬ ಹೆಸರಿನ ಬೀದಿಯ ಎದುರಿನ ಫುಟ್‌ಪಾತಿನಲ್ಲೇ ಕಂಬಳಿ ಹೊದ್ದು ಮಲಗುವುದನ್ನು ನಾನು ಎಷ್ಟು ಚಳಿಗಾಲಗಳಲ್ಲಿ ನೋಡಿದ್ದೇನೋ.

ನಾನು ತಿಪಟೂರಿನ ಕಡೆಯವನು. ನಮ್ಮ ತಂದೆ ಬೆಂಗಳೂರಿಗೆ ಹೋದರೆ ಇಳಿಯುತ್ತಿದ್ದುದು ರೈಲ್ವೆ ಸ್ಟೇಷನ್ ಎದುರಿನ, ಗುಬ್ಬಿ ತೋಟದಪ್ಪನವರು ಮಾಡಿಸಿದ ಛತ್ರದಲ್ಲಿ. ಕಾಸು ಕೊಟ್ಟು ಮಲಗುವುದು ಅವರ ಪ್ರಕಾರ ಗತಿಗೆಟ್ಟವರ ಕೆಲಸ, ಕಾಸು ಇಸಕೊಂಡು ಮಲಗಿಸುವುದು ಮಾನಗೆಟ್ಟವರ ಕೆಲಸ. ಈ ನೀತಿಯನ್ನು ಟ್ರಂಕಿನಲ್ಲಿ ಇಟ್ಟುಕೊಂಡೇ 1971ರಲ್ಲಿ ನಾನು ಕೇಂದ್ರ ಸರ್ಕಾರದ ಗುಮಾಸ್ತನಾಗಿ ಇಲ್ಲಿಗೆ ಬಂದದ್ದು.

ಊರಿನಲ್ಲಿರುವ ನಿಮಗೆ ಇದು ಅಷ್ಟಾಗಿ ಗೊತ್ತಿರಲಾರದು: ಆ ಕಾಲದಲ್ಲಿ ದೆಹಲಿಯ ಪ್ರತಿಯೊಂದು ಕನ್ನಡದ ಮನೆಯೂ ಒಂದು ಛತ್ರವೇ. ಷಹಜಹಾನ್ ರಸ್ತೆಯ ಯುಪಿಎಸ್‌ಸಿಗೆ ಸಂದರ್ಶನಕ್ಕೆ ಬಂದ ಹುಡುಗ, ಏಮ್ಸಿಗೆ ಬಂದ ರೋಗಿ, ವೀಸಾಕ್ಕೆ ಬಂದವರು, ಬದರಿ ಕೇದಾರಕ್ಕೆ ಹೊರಟ ಹದಿನಾಲ್ಕು ಜನರ ತಂಡ. ಎರಡು ರಾತ್ರಿ ಕೆ.ಕೆ. ಎಕ್ಸ್‌ಪ್ರೆಸ್ಸಿನಲ್ಲಿ ಕೂತು ಮಸಿ ಹಿಡಿದ ಮುಖದಲ್ಲಿ ಇಳಿದು, ಕೈಯಲ್ಲೊಂದು ವಿಳಾಸದ ಚೀಟಿ ಹಿಡಿದು ಬಾಗಿಲು ತಟ್ಟುತ್ತಿದ್ದರು. ಬಾಡಿಗೆ ಎಂದರೆ ಅವರು ತರುತ್ತಿದ್ದ ಕೊಬ್ಬರಿ, ಹುಳಿಪುಡಿ, ಡಬ್ಬದಲ್ಲಿ ಪುಡಿಯಾದ ಚಕ್ಕಲಿ. ಹೋಗುವಾಗ "ನಿಮ್ಮ ಉಪಕಾರ ಮರೆಯೋದಿಲ್ಲ ಸಾರ್" ಎಂದು ನನಗೆ ಕೈ ಮುಗಿಯುತ್ತಿದ್ದರು. ನನಗೆ. ಊರಿಗೆ ಹೋದರೆ, ದೆಹಲಿಯಲ್ಲಿ ಇವನಿದ್ದಾನೆ, ಏನೂ ಭಯವಿಲ್ಲ ಎಂಬ ಹೆಸರು. ಅದು ನನಗೆ ಬಲು ಸುಖ ಕೊಡುತ್ತಿತ್ತು ಎಂದು ಒಪ್ಪಿಕೊಳ್ಳಬೇಕು.

1982ರ ನವೆಂಬರ್ 19ಕ್ಕೆ ಏಷ್ಯಾಡ್ ಶುರುವಾಯಿತು. ಅದಕ್ಕೆ ಊರೆಲ್ಲ ಹೊಸ ಹೊಸ ಹೋಟೆಲುಗಳು, ಕಡಿಮೆ ದರದವರಿಗೆಂದು ಸರ್ಕಾರದ ಅಶೋಕ ಯಾತ್ರಿ ನಿವಾಸವೂ ಎದ್ದವು. 1956ರಲ್ಲಿ ಯುನೆಸ್ಕೊ ಸಮ್ಮೇಳನಕ್ಕೆಂದು ಅಶೋಕ ಹೋಟೆಲು ಎದ್ದ ಹಾಗೆ. ದೆಹಲಿಗೆ ದೊಡ್ಡ ಸಮಾರಂಭ ಬಂದಾಗಲೆಲ್ಲ ಮಲಗುವ ಜಾಗದ ಚಿಂತೆ ಹತ್ತುತ್ತದೆ. ನಮ್ಮವರಿಗೆ ಆ ಚಿಂತೆ ಇರಲಿಲ್ಲ, ಆರ್.ಕೆ. ಪುರದಲ್ಲಿ ನಾನಿದ್ದೆನಲ್ಲ! ಎರಡು ಕೋಣೆಯ ಕ್ವಾರ್ಟರ್ಸಿಗೆ ಹನ್ನೊಂದು ಜನ ಬಂದರು. ಹದಿನೈದು ದಿನ. ಮಧ್ಯದಲ್ಲಿ ಗ್ಯಾಸು ಮುಗಿದು ಸೀಮೆಎಣ್ಣೆ ಸ್ಟವ್ವಿನಲ್ಲಿ ಅಡಿಗೆ. ಚಿಕ್ಕ ಮಗುವಿಗೆ ಜ್ವರ. ಕೊನೆಯ ದಿನ ಎಲ್ಲರನ್ನೂ ಸ್ಟೇಷನ್ನಿಗೆ ಬಿಟ್ಟು ಬಂದಾಗ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಇವಳು ಅಳುತ್ತಿದ್ದಳು. ನೀರಿನ ಸದ್ದಿನ ಮಧ್ಯೆ ಕೇಳಿಸಿತು. ಕೇಳಿಸಲಿಲ್ಲವೆಂಬಂತೆ ಪೇಪರು ಹಿಡಿದು ಕೂತೆ.

2008ರಲ್ಲಿ ರಿಟೈರಾದೆ. ಡಿಡಿಎ ಸೆಲ್ಫ್ ಫೈನಾನ್ಸಿಂಗ್ ಸ್ಕೀಮಿನಲ್ಲಿ ಕಂತು ಕಟ್ಟಿ ಪಡೆದ ವಸಂತ ಕುಂಜದ ಮೂರು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ನಾವಿಬ್ಬರೇ. ಮಗ ಅಮೆರಿಕದಲ್ಲಿ, ಮಗಳು ಪುಣೆಯಲ್ಲಿ. 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಕೋಣೆಗಳ ಬರ ಬರುತ್ತದೆಂದು ದೆಹಲಿ ಸರ್ಕಾರ 2007ರಲ್ಲೇ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಕಾಯಿದೆ ಮಾಡಿತ್ತು. ಮನೆಯವರು ಅದೇ ಮನೆಯಲ್ಲಿ ವಾಸವಿರಬೇಕು, ಕೆಲವೇ ಕೋಣೆ, ಬೆಳಗಿನ ತಿಂಡಿ ಕೊಡಬೇಕು. ತಪಾಸಣೆ ಮಾಡಿ ಗೋಲ್ಡ್ ಅಥವಾ ಸಿಲ್ವರ್ ದರ್ಜೆ ಕೊಡುತ್ತಿದ್ದರು. ಪೇಪರಿನಲ್ಲಿ ಬಂದ ಆ ಜಾಹೀರಾತನ್ನು ಕತ್ತರಿಸಿ ಇಟ್ಟಿದ್ದವಳು ನನ್ನ ಹೆಂಡತಿ.

"ಮನೇನ ಲಾಡ್ಜ್ ಮಾಡ್ತೀಯಾ? ಊರಲ್ಲಿ ಏನಂದಾರು?" ಎಂದೆ.

"ಮೂವತ್ತು ವರ್ಷ ಲಾಡ್ಜೇ ಆಗಿತ್ತಲ್ರೀ. ಬಿಲ್ ಮಾತ್ರ ಇರಲಿಲ್ಲ."

ನನ್ನ ಹತ್ತಿರ ಉತ್ತರವಿರಲಿಲ್ಲ. ಪುಣ್ಯ, ಅತಿಥಿ ಎಂದೆಲ್ಲ ಏನೋ ತೊದಲಿದೆ. "ಪುಣ್ಯ ನಿಮ್ಮ ಹೆಸರಿಗೆ ಬಂತು. ಸ್ಟವ್ ನನ್ನ ಹೆಸರಿಗೆ ಬಂತು" ಎಂದಳು. ಆಮೇಲೆ, ತರಕಾರಿ ಹೆಚ್ಚುತ್ತಲೇ, ಏಷ್ಯಾಡಿನ ಹನ್ನೊಂದು ಜನರ ಹೆಸರನ್ನೂ ಒಂದೊಂದಾಗಿ ಹೇಳಿದಳು. ಯಾರಿಗೆ ಉಪ್ಪು ಕಮ್ಮಿ, ಯಾರಿಗೆ ರಾತ್ರಿ ಬಿಸಿನೀರು ಎಂಬುದರ ಸಮೇತ.

ಫ್ಲ್ಯಾಟು ನನ್ನ ಹೆಸರಿನಲ್ಲಿದ್ದದ್ದರಿಂದ ಅರ್ಜಿ ನನ್ನದು. ಆದರೆ ಬರುವ ಹಣಕ್ಕೆ ಅವಳ ಹೆಸರಿನಲ್ಲೇ ಖಾತೆ ತೆರೆದೆವು. ಅರವತ್ತರ ಹತ್ತಿರ ಬಂದಿದ್ದ ಅವಳಿಗೆ ಅದು ಮೊದಲ ಬ್ಯಾಂಕ್ ಖಾತೆ. ಹಾಗಾಗಿಯೇ ಯಜಮಾನ ಎನ್ನುವುದು ಸುಳ್ಳು ಎಂದದ್ದು.

ಶುರುಮಾಡುವುದು ಸುಲಭವಾಗಿರಲಿಲ್ಲ. ಪ್ರತಿ ಕೋಣೆಗೂ ಅದರದೇ ಬಚ್ಚಲುಮನೆ ಬೇಕು. ನಾನು ಹಟ ಹಿಡಿದು ಹಾಕಿಸಿಕೊಂಡಿದ್ದ ಇಂಡಿಯನ್ ಕಕ್ಕಸು ಒಡೆಸಬೇಕಾಯಿತು. ಎರಡು ಬಚ್ಚಲು, ಗೀಸರು, ಎರಡು ಏಸಿ, ಹಾಸಿಗೆ ಎಲ್ಲ ಸೇರಿ ಎರಡೂವರೆ ಲಕ್ಷ ರೂಪಾಯಿ ನನ್ನ ಗ್ರಾಚುಯಿಟಿಯಿಂದ ಹೋಯಿತು. 2008ರ ನವೆಂಬರ್ 26ರ ಮುಂಬೈ ದಾಳಿಯಾದ ಮೇಲಿನ ಕಾಲ, ಪೊಲೀಸರ ಕಣ್ಣು ಬಿಗಿಯಾಗಿತ್ತು. ವಿದೇಶಿಯರು ಬಂದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಫಾರಂ ಸಿ ತುಂಬಿ ಒಪ್ಪಿಸಬೇಕಿತ್ತು. ಅದು ಮಾತ್ರ ನನ್ನ ಖಾತೆ, ಫಾರಂ ತುಂಬುವುದು ಬಿಟ್ಟು ಬದುಕಿನಲ್ಲಿ ನಾನು ಮತ್ತೇನು ಮಾಡಿದ್ದೇನೆ! ತಪಾಸಣೆಗೆ ಬಂದವರು ಉಪ್ಪಿಟ್ಟು, ಕಾಫಿ ತೆಗೆದುಕೊಂಡು, ಬಾಗಿಲು ಕಿಟಕಿ ನೋಡಿ, ಸಿಲ್ವರ್ ಎಂದು ಬರೆದುಕೊಂಡು ಹೋದರು.

ಇದೇ ಹೊತ್ತಿನಲ್ಲಿ ಪ್ರಪಂಚದ ಇನ್ನೊಂದು ತುದಿಯಲ್ಲಿ ನಡೆದದ್ದು ನನಗೆ ಆಮೇಲೆ ತಿಳಿಯಿತು. 2007ರ ಅಕ್ಟೋಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಒಂದು ಸಮ್ಮೇಳನವಾಗಿ ಹೋಟೆಲುಗಳೆಲ್ಲ ತುಂಬಿದ್ದಾಗ, ಮನೆ ಬಾಡಿಗೆ ಕಟ್ಟಲು ಪರದಾಡುತ್ತಿದ್ದ ಇಬ್ಬರು ಹುಡುಗರು ನಡುಮನೆಯಲ್ಲಿ ಗಾಳಿ ತುಂಬುವ ಹಾಸಿಗೆ ಹಾಸಿ, ತಿಂಡಿ ಕೊಟ್ಟು, ತಲೆಗೆ ಎಂಬತ್ತು ಡಾಲರ್ ತೆಗೆದುಕೊಂಡರಂತೆ. ಏರ್‌ಬಿಎನ್‌ಬಿ ಹುಟ್ಟಿದ್ದು ಹಾಗೆ. ನಮ್ಮ ಮಾವ ಇದ್ದಿದ್ದರೆ, "ಚಾಪೆ ಹಾಸಿ ದುಡ್ಡು ಇಸಕೊಂಡ್ರಾ?" ಎನ್ನುತ್ತಿದ್ದರು.

ಕ್ರೀಡಾಕೂಟ ನಮಗೆ ಕೈಕೊಟ್ಟಿತು. 2010ರ ಅಕ್ಟೋಬರ್ 3ರಿಂದ 14ರವರೆಗೆ ಎರಡೂ ಕೋಣೆ ಒಬ್ಬ ಏಜೆಂಟಿನ ಮೂಲಕ ಬುಕ್ಕಾಗಿದ್ದವು. ಆ ಮಳೆಗಾಲ ಊರೆಲ್ಲ ಡೆಂಗಿ, ಸೆಪ್ಟೆಂಬರಿನಲ್ಲಿ ಯಮುನೆ ಉಕ್ಕಿತು. 21ನೇ ತಾರೀಕು ನೆಹರೂ ಸ್ಟೇಡಿಯಂ ಹತ್ತಿರ ಕಟ್ಟುತ್ತಿದ್ದ ಕಾಲುಸೇತುವೆ ಕುಸಿದು ಬಿತ್ತು. ಪ್ರಪಂಚದ ಟಿವಿಗಳೆಲ್ಲ ಅದನ್ನೇ ತೋರಿಸಿದವು. ಆ ವಾರವೇ ಒಂದು ಕೋಣೆ ರದ್ದು, ಮುಂದಿನ ವಾರ ಇನ್ನೊಂದು. ಮುಂಗಡವೂ ಬರಲಿಲ್ಲ, ಏಜೆಂಟ್ ಫೋನೂ ಎತ್ತಲಿಲ್ಲ. ಶಾಲೆಗಳಿಗೆ ರಜೆ ಕೊಟ್ಟಿದ್ದರಿಂದ ದೆಹಲಿಯವರೇ ಊರು ಬಿಟ್ಟಿದ್ದರು. ಇಸ್ತ್ರಿ ಮಾಡಿದ ಹಾಸಿಗೆ ಬಟ್ಟೆ, ಹೊಸ ಸೋಪು, ಖಾಲಿ ಕೋಣೆ. ರಾತ್ರಿ ನಾವಿಬ್ಬರೂ ಟಿವಿಯಲ್ಲಿ ಆಟ ನೋಡಿದೆವು. "ನಾನು ಹೇಳಿರಲಿಲ್ವಾ" ಎಂಬ ಮಾತು ನನ್ನ ಬಾಯಿಗೆ ಬಂದಿತ್ತು. ಅವಳ ಮುಖ ನೋಡಿ ನುಂಗಿಕೊಂಡೆ.

ಮೊದಲ ಅತಿಥಿಗಳು ಬಂದದ್ದು ನವೆಂಬರಿನಲ್ಲಿ, ನೆದರ್‌ಲೆಂಡ್ಸಿನ ವಯಸ್ಸಾದ ದಂಪತಿ. ಬೆಳಿಗ್ಗೆ ಉಪ್ಪಿಟ್ಟು ತಿಂದು, ಇದು ಅರಬರ ಕುಸ್‌ಕುಸ್ ತಾನೆ ಎಂದು ಕೇಳಿದರು. ಎರಡು ರಾತ್ರಿಗೆ ನಾಲ್ಕು ಸಾವಿರ ರೂಪಾಯಿ. ಇವಳು ಎರಡು ಸಲ ಎಣಿಸಿದಳು. ದೇವರ ಮುಂದೆ ಇಡುತ್ತಾಳೆಂದುಕೊಂಡೆ, ನೇರ ಬ್ಯಾಂಕಿಗೆ ಹೋದಳು.

ನಿಜವಾದ ಪರೀಕ್ಷೆ ಮರುವರ್ಷ. ದಾವಣಗೆರೆ ಕಡೆಯ ಗಂಡ ಹೆಂಡತಿ, ತಂದೆಯ ಆಪರೇಷನ್ನಿಗೆ ಏಮ್ಸಿಗೆ ಬಂದವರು, ಯಾರೋ ಹೇಳಿದರೆಂದು ಬಾಗಿಲಲ್ಲಿ ನಿಂತರು. ಬಾಯಿ ಬಿಟ್ಟರೆ ಕನ್ನಡ. "ಇವರ ಹತ್ರ ದುಡ್ಡು ತಗೊಳ್ಳೋದು ಬೇಡ ಕಣೇ" ಎಂದೆ ಒಳಗೆ ಹೋಗಿ. ಅವಳು ಹೊರಗೆ ಬಂದು, ದಿನಕ್ಕೆ ಎಂಟುನೂರು, ಇಷ್ಟವಿದ್ದರೆ ಅಡಿಗೆಮನೆ ಬಳಸಿಕೊಳ್ಳಿ ಎಂದಳು. ಆ ಹೆಂಗಸಿನ ಮುಖ ಸಡಿಲವಾಯಿತು. ಹನ್ನೊಂದು ದಿನ ಇದ್ದರು. ರೋಗಿಗೆ ಗಂಜಿ ಇವಳೇ ಕಾಯಿಸಿ ಫ್ಲಾಸ್ಕಿಗೆ ಹಾಕಿ ಕೊಟ್ಟಳು, ಅದಕ್ಕೆ ಬಿಲ್ ಇಲ್ಲ. ಹೋಗುವಾಗ ಆಕೆ ಹೇಳಿದ್ದು ನನ್ನ ಕಿವಿಯಲ್ಲಿದೆ: "ಬಿಟ್ಟಿ ಇಟ್ಕೊಂಡಿದ್ರೆ ಮೂರನೇ ದಿನಕ್ಕೆ ನಾವೇ ನಾಚಿಕೊಂಡು ಬೇರೆ ಕಡೆ ಹೋಗ್ತಿದ್ವಿ ಅಮ್ಮಾ." ಮೂವತ್ತು ವರ್ಷದಲ್ಲಿ ಹಾಗೆ ನಾಚಿಕೊಂಡು ಎಷ್ಟು ಜನ ಹೋಗಿರಬಹುದು ಎಂದು ಮೊದಲ ಬಾರಿಗೆ ಯೋಚಿಸಿದೆ. ಕೈ ಮುಗಿದದ್ದು ಈ ಸಲ ಅವಳಿಗೆ.

ಊರಿಂದ ತಮ್ಮನ ಫೋನು ಬರದೆ ಇರಲಿಲ್ಲ. "ಅತ್ತಿಗೆ, ಲಾಡ್ಜ್ ಇಟ್ಟಿದೀರಂತೆ. ನಾವು ಬಂದ್ರೂ ಬಿಲ್ಲಾ?" ಇವಳು ಶಾಂತವಾಗಿ, "ನಿಮಗಿಲ್ಲಪ್ಪ. ಆದ್ರೆ ಮೊದಲೇ ತಿಳಿಸಿ ಬನ್ನಿ, ಕೋಣೆ ಖಾಲಿ ಇರಬೇಕಲ್ಲ" ಎಂದಳು. ನೆಂಟರು ಬರುವುದು ಕಡಿಮೆಯಾಯಿತು. ಅದರ ನೋವು ನನಗಾದಷ್ಟು ಅವಳಿಗಾಗಲಿಲ್ಲ.

ಮುಂದಿನ ವರ್ಷಗಳದ್ದು ಬರೀ ಕಸುಬಿನ ಕತೆ. ಅಕ್ಟೋಬರಿನಿಂದ ಮಾರ್ಚಿಯವರೆಗೆ ವಿದೇಶಿಯರು, ಬೇಸಗೆಯಲ್ಲಿ ಆಸ್ಪತ್ರೆ, ಸಂದರ್ಶನದವರು. ಬಿಳಿ ಹಾಸಿಗೆ ಬಟ್ಟೆ ಇಲ್ಲಿನ ಗಡಸು ನೀರಿಗೆ ಆರೇ ತಿಂಗಳಲ್ಲಿ ಹಳದಿಯಾಗುತ್ತದೆ. ಮೇ ತಿಂಗಳ ಧೂಳುಗಾಳಿ ಎದ್ದರೆ ಒರೆಸಿದ್ದನ್ನೇ ಮತ್ತೆ ಒರೆಸಬೇಕು. 2014ರಲ್ಲಿ ಮಗಳು ಕೋಣೆಗಳ ಫೋಟೋ ತೆಗೆದು ಏರ್‌ಬಿಎನ್‌ಬಿಗೆ ಹಾಕಿದಳು. ಒಬ್ಬರು ಹೆಂಚಿನ ಮೇಲಿನ ಅಕ್ಕಿರೊಟ್ಟಿಯ ಬಗ್ಗೆ ಹೊಗಳಿ ಬರೆದ ಮೇಲೆ ಅದನ್ನೇ ಕೇಳಿಕೊಂಡು ಬರುವವರಾದರು. ಹಾಕಿದ ಎರಡೂವರೆ ಲಕ್ಷ ಐದನೇ ವರ್ಷಕ್ಕೆ ಮರಳಿತು. 2020ರ ಮಾರ್ಚಿಯಲ್ಲಿ ಕೊನೆಯ ಅತಿಥಿ ಗಡಿಬಿಡಿಯಲ್ಲಿ ವಿಮಾನ ಹತ್ತಿದ ಮೇಲೆ ಮತ್ತೆ ತೆರೆಯಲಿಲ್ಲ. ಅವಳ ಮೊಣಕಾಲೂ ಒಪ್ಪಲಿಲ್ಲ.

ಕಳೆದ ಚಳಿಗಾಲ ತಮ್ಮನ ಮಗ ಬೆಂಗಳೂರಿನಿಂದ ಹೆಂಡತಿ ಮಗುವಿನೊಂದಿಗೆ ಬಂದಿದ್ದ. ಇಳಿದದ್ದು ಹೌಜ್ ಖಾಸಿನ ಯಾರದೋ ಮನೆಯ ಕೋಣೆಯಲ್ಲಿ, ಫೋನಿನಲ್ಲೇ ಬುಕ್ ಮಾಡಿಕೊಂಡು. ಸಂಜೆ ಕಾಫಿಗೆ ಬಂದ. "ಎರಡು ಕೋಣೆ ಖಾಲಿ ಇದಾವಲ್ಲೋ" ಎಂದೆ. "ನಿಮಗ್ಯಾಕೆ ತೊಂದರೆ ಅಂತ ದೊಡ್ಡಪ್ಪ" ಎಂದ. ನನಗೆ ಮಾತು ಹೊರಡಲಿಲ್ಲ. ಇವಳು ಮಾತ್ರ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ವಿಚಾರಣೆ ಶುರುಮಾಡಿದಳು.

"ದಿನಕ್ಕೆ ಎಷ್ಟಂತೆ?"

"ಮೂರೂವರೆ ಸಾವಿರ, ದೊಡ್ಡಮ್ಮ."

"ಹಾಸಿಗೆ ಬಟ್ಟೆ ಬೆಳ್ಳಗಿದೆಯಾ? ಬೆಳಿಗ್ಗೆ ತಿಂಡಿಗೆ ಏನು ಕೊಡ್ತಾರೆ?"

"ಬ್ರೆಡ್ಡು, ಜಾಮು."

"ಬರೀ ಬ್ರೆಡ್ಡಿಗೆ ಮೂರೂವರೆ ಸಾವಿರಾನಾ!" ಎಂದು ನನ್ನ ಕಡೆ ತಿರುಗಿದಳು.